ಬೋಲ್ಟಕ್ಕನ ಅಂಗಡಿಯಲ್ಲಿ ಅಮ್ಮ

ಆಕೆಯ ಎಡಗೈ ಕಿರುಬೆರಳಲ್ಲಿ ಯಾವಾಗಲೂ ಒಂದೆರಡು ವಾಷರುಗಳು ಇರುತ್ತಿದ್ದವು. ಗಿರಾಕಿಗೆ ಎಣಿಸಿ ಕೊಡುವಾಗ ಬೆರಳಿಗೆ ಪೋಣಿಸಿಕೊಳ್ಳುವುದು, ಮಿಕ್ಕಿದ್ದನ್ನು ತೆಗೆಯಲು ಮರೆಯುವುದು. ಹಾಲು ತರಲು ಹೋದಾಗಲೂ, ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಾಗಲೂ ಆ ಕಬ್ಬಿಣದ ಬಿಲ್ಲೆಗಳು ಉಂಗುರದ ಹಾಗೆ ಬೆರಳಲ್ಲೇ. ಎಡಗೈ ಎಂದು ಬರೆದೆ. ಅಮ್ಮನನ್ನು ಕೇಳಿದರೆ ಬಲಗೈ ಎನ್ನುತ್ತಾಳೆ. ಈ ವಿಷಯದಲ್ಲಿ ಅಮ್ಮನ ನೆನಪನ್ನೇ ನಂಬಬೇಕೇನೋ. ಆಕೆಯನ್ನು ನನಗಿಂತ ಹೆಚ್ಚು ಹೊತ್ತು ನೋಡಿದವಳು ಅಮ್ಮ. ನನ್ನ ತಕರಾರು ಇರುವುದೂ ಅಲ್ಲೇ.

ಹುಣಸೂರಿನಲ್ಲಿ ನಮ್ಮ ಬಾಡಿಗೆ ಮನೆಗೆ ಎದುರಾಗಿ ಆಕೆಯ ಬೋಲ್ಟು-ನಟ್ಟಿನ ಅಂಗಡಿ. ಗಂಡ ತೀರಿಕೊಂಡ ಮೇಲೆ ತಾನೇ ನಡೆಸುತ್ತಿದ್ದಳು. ಬೀದಿಗೆಲ್ಲ ಬೋಲ್ಟಕ್ಕ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ರಸ್ತೆಯ ಆ ತುದಿಗೂ ಕೇಳುವ ದನಿ. ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನು 'ಮೇಡಂ' ಎಂದು ಕರೆಯುತ್ತಿದ್ದಳು. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ಅಪ್ಪ ಹೋದ ಮೇಲೆ ಕಟ್ಟೆಮಳಲವಾಡಿಯ ಜಮೀನನ್ನು ಚಿಕ್ಕಪ್ಪನಿಗೆ ಬಿಟ್ಟು ಅಮ್ಮ ನನ್ನ ಜೊತೆ ಇರಲು ಬಂದಳು. ನಾನು ಮದುವೆಯಾಗಿಲ್ಲ. ಹೈಸ್ಕೂಲು ಮುಗಿದಂದಿನಿಂದ ಮೈಸೂರಿನ ಹಾಸ್ಟೆಲು, ವಿಶ್ವವಿದ್ಯಾಲಯ, ಆಮೇಲೆ ಊರೂರಿನ ಕಾಲೇಜು ಎಂದು ದೂರವೇ ಇದ್ದವಳಿಗೆ, ಇನ್ನಾದರೂ ಸಂಜೆ ಅಮ್ಮನೊಡನೆ ಕೂತು ಮಾತಾಡಬಹುದು ಎಂಬ ಆಸೆ. ಆದರೆ ನನ್ನೆದುರು ಅಮ್ಮನ ಮಾತು 'ಉಂಡ್ಯಾ', 'ಫ್ಯಾನ್ ಆರ್ಸು' ಎನ್ನುವುದನ್ನು ದಾಟುತ್ತಿರಲಿಲ್ಲ. ಅವಳು ಮೊದಲಿನಿಂದಲೂ ಮಿತಭಾಷಿ ಎಂದು ಸಮಾಧಾನ ಮಾಡಿಕೊಂಡೆ.

ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಮನೆಗೆ ಬೀಗ. ಎದುರಿನ ಅಂಗಡಿಯಲ್ಲಿ, ಬೋಲ್ಟಿನ ಡಬ್ಬಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಕಂಪಲಾಪುರದ ಕಡೆಯ ರೈತರೊಬ್ಬರು ಕೈಯನ್ನು ಕೊಕ್ಕೆ ಮಾಡಿ ತೋರಿಸುತ್ತ, "ಹಿಂಗೆ ಬಗ್ಗಿರ್ತದೆ ಕಣಕ್ಕ, ಅದ್ರ ಹೆಸ್ರೇ ಬರ್ತಾ ಇಲ್ಲ" ಎನ್ನುತ್ತಿದ್ದರು.

"ಯಾವ್ದು ಬೇಕು ಅನ್ಬ್ಯಾಡಿ, ಎಲ್ಲಿಗೆ ಬೇಕು ಅನ್ನಿ," ಎಂದಳು ಬೋಲ್ಟಕ್ಕ. ಅದು ಆಕೆ ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದ ಮಾತು.

"ಬ್ಯಾರನ್ನಿಗೆ." ಹೊಗೆಸೊಪ್ಪು ಬೇಯಿಸುವ ಗೂಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

"ಬ್ಯಾರನ್ನಿಗೆ ಅಂದ್ರೆ ಎಲ್ಲಿಗೆ? ಬಾಗ್ಲಿಗಾ, ಮ್ಯಾಲಕ್ಕಾ?"

ಅಷ್ಟರಲ್ಲಿ ಅಮ್ಮ, "ಶೀಟಿಗೆ ಕಣವ್ವ. ಗಾಳಿಗೆ ಎದ್ದಿರ್ತದೆ. ಜೆ ಬೋಲ್ಟ್ ಕೊಡು, ರಬ್ಬರ್ ವಾಷರ್ ಮರೀಬ್ಯಾಡ, ಮಳೆನೀರು ಸೊಪ್ಪಿನ್ ಮ್ಯಾಲೆ ಇಳಿದ್ರೆ ಕೆಟ್ಟೋಯ್ತದೆ," ಎಂದಳು.

"ನೋಡಿ ಸ್ವಾಮಿ, ನಮ್ಮವ್ವಂಗೆ ಗೊತ್ತಾಯ್ತು. ನೀವು ಕೈ ತಿರುಗ್ಸಿದ್ದು ನೋಡಿ ನಾನು ಡ್ಯಾನ್ಸ್ ಕ್ಲಾಸಿಗೆ ಸೇರಕ್ಕೆ ಬಂದ್ರೇನೋ ಅಂದ್ಕಂಡಿದ್ದೆ."

ಅಮ್ಮ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನನ್ನು ಕಂಡೊಡನೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೀಗದ ಕೈ ತಕ" ಎಂದು ಎದ್ದಳು.

ನಮ್ಮವ್ವ ಎಂದಿದ್ದಳು ಬೋಲ್ಟಕ್ಕ. ಹಳ್ಳಿಯಲ್ಲಿ ನಾನೂ ಅವ್ವ ಎಂದೇ ಕರೆಯುತ್ತಿದ್ದೆ. ಹಾಸ್ಟೆಲಿಗೆ ಸೇರಿದ ಮೇಲೆ ಅದು ಯಾವಾಗಲೋ ಅಮ್ಮ ಎಂದಾಯಿತು. ನಾನು ಬಿಟ್ಟು ಬಂದ ಪದವನ್ನು ಎದುರಂಗಡಿಯವಳೊಬ್ಬಳು ಸಲೀಸಾಗಿ ಎತ್ತಿಕೊಂಡಿದ್ದಳು.

ಅಲ್ಲಿಂದ ಮುಂದೆ ಊಟದ ಹೊತ್ತಿಗೆ ಅಮ್ಮನ ಬಾಯಲ್ಲಿ ಬೋಲ್ಟುಗಳು ಬರತೊಡಗಿದವು. ಕ್ಯಾರೇಜ್ ಬೋಲ್ಟಿನ ತಲೆ ಬಟ್ಟಲು ಕವುಚಿದ ಹಾಗೆ ನುಣ್ಣಗೆ, ಅದರ ಕೆಳಗೆ ಚೌಕದ ಕತ್ತು. ಕತ್ತು ಮರದೊಳಗೆ ಕಚ್ಚಿಕೊಳ್ಳುವುದರಿಂದ ನಟ್ಟು ಬಿಗಿಯುವಾಗ ಬೋಲ್ಟು ತಿರುಗುವುದಿಲ್ಲ. ಟ್ರೈಲರಿನ ಹಲಗೆಗೆ ಅದೇ ಆಗಬೇಕು, ಮೇಲೆ ಎಳೆಯುವ ಮೂಟೆ ಹರಿಯುವುದಿಲ್ಲ. ಆರು ಮೂಲೆಯದು ಸ್ಪ್ಯಾನರ್ ಹಾಕಿ ಬಿಗಿಯುವ ಕಡೆಗೆಲ್ಲ, ನೇಗಿಲಿಗೆ, ಎಂಜಿನ್ನಿಗೆ. ಪಂಪ್‌ಸೆಟ್ಟು ಅದುರದ ಹಾಗೆ ಕಾಂಕ್ರೀಟಿನಲ್ಲಿ ಹೂತಿಡುವುದೇ ಬೇರೆ. ಗೋಡೆಯೊಳಗೆ ಹೋಗಿ ಹೊಟ್ಟೆ ಉಬ್ಬಿಸಿಕೊಂಡು ಕೂರುವ ಆಂಕರ್ ಬೋಲ್ಟು ಇನ್ನೊಂದು. ಪೈಪನ್ನು ಎರಡೂ ಕಡೆಯಿಂದ ತಬ್ಬಿ ಹಿಡಿಯುವುದು ಯು ಬೋಲ್ಟು.

"ಇದೆಲ್ಲ ನಿನಗ್ಯಾಕಮ್ಮ?" ಎಂದೆ.

"ಯಾಕೆ ಅಂದ್ರೆ? ನೀನು ಓದ್ದಲ್ಲ, ನಾನು ಯಾಕೆ ಅಂದ್ನಾ?"

ಈ ಮಾತನ್ನು ಅಮ್ಮ ಹೀಗೇ ಹೇಳಿದಳೋ, ಬೋಲ್ಟಕ್ಕ ಹೇಳಿಕೊಟ್ಟಿದ್ದಳೋ ಎಂದು ಆ ಹೊತ್ತಿಗೇ ಅನುಮಾನ ಬಂದಿತ್ತು. ಅಷ್ಟು ಕೆಟ್ಟಿತ್ತು ನನ್ನ ಮನಸ್ಸು.

ಅಮ್ಮನನ್ನು ಮನೆಯಲ್ಲಿ ಉಳಿಸಿಕೊಳ್ಳಲು ನಾನು ಒಂದು ಉಯ್ಯಾಲೆ ತಂದೆ. ಮೈಸೂರಿನಿಂದ ತೇಗದ ಹಲಗೆ, ಎರಡು ಕಬ್ಬಿಣದ ಸರಪಳಿ. ಹಿತ್ತಿಲಿನ ಶೀಟಿನ ಚಪ್ಪರದ ಅಡ್ಡಪೈಪಿಗೆ ತೂಗುಹಾಕುವುದು, ಮಧ್ಯಾಹ್ನ ಅಮ್ಮ ಅಲ್ಲಿ ತೂಗಿಕೊಂಡು ಕೂರುವುದು ಎಂದು ಲೆಕ್ಕ ಹಾಕಿದ್ದೆ. ಅಮ್ಮನಿಗೆ ಹಲಗೆ ಇಷ್ಟವಾಯಿತು. ಸವರಿ ನೋಡಿ, "ಅವಳ್ನ ಕರೀತೀನಿ ತಡಿ, ಅವಳೇ ಹಾಕ್ಲಿ" ಎಂದು ರಸ್ತೆ ದಾಟಿಯೇ ಬಿಟ್ಟಳು. ನನ್ನ ಉಯ್ಯಾಲೆಗೂ ಆಕೆಯೇ ಬಂದಳು.

ಬಂದವಳು ಪೈಪನ್ನು ನೋಡಿ, ಈ ದಪ್ಪಕ್ಕೆ ಹೊಂದುವ ಯು ಬೋಲ್ಟು ಖಾಲಿಯಾಗಿದೆ, ಎರಡು ದಿನದಲ್ಲಿ ತರಿಸುತ್ತೇನೆ ಎಂದಳು. ಅಮ್ಮನಿಗೆ ಅವತ್ತೇ ಆಗಬೇಕು. ಕೊನೆಗೆ ಬೋಲ್ಟಕ್ಕ ಜೆ ಬೋಲ್ಟುಗಳನ್ನೇ ತಂದು ಪೈಪಿಗೆ ಕೊಕ್ಕೆ ಹಾಕಿ, ಕೆಳತುದಿಗೆ ಸರಪಳಿ ಸೇರಿಸಿ ಬಿಗಿದಳು. "ಬಿರುಗಾಳಿಗೆ ಬ್ಯಾರನ್ ಶೀಟನ್ನೇ ಬುಡದೆ ಹಿಡ್ಕಳೋದು ಇದು. ನಿಮ್ಮನ್ನ ಹಿಡ್ಕಳಕ್ಕಿಲ್ವಾ?" ಎನ್ನುವುದು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನನಗೆ ಕೇಳಿಸಿತು. ಅದರ ಮುಂದೆ ಏನಾದರೂ ಹೇಳಿದಳೇ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಮಾರನೆಯ ದಿನ ಅಮ್ಮ ಕೂತಲ್ಲಿಂದ ಬಿದ್ದಳು. ಶೀಟಿನ ಕೊಕ್ಕೆ ಮನುಷ್ಯರ ಭಾರಕ್ಕಲ್ಲ. ತೂಗಿದಷ್ಟೂ ಬಿಚ್ಚಿಕೊಳ್ಳುತ್ತ ಬಂದು ಒಂದು ಕಡೆ ಪೂರ್ತಿ ನೆಟ್ಟಗಾಗಿತ್ತು. ನಾನು ಓಡಿಹೋದಾಗ ಅಮ್ಮ ಕಣ್ಣು ಮುಚ್ಚಿ, ಕೈಯನ್ನು ಎದೆಗೆ ಒತ್ತಿಕೊಂಡು ನೆಲದಲ್ಲಿ ಕೂತಿದ್ದಳು. ಗಾಬರಿಯಲ್ಲಿ ನನ್ನ ಬಾಯಿಂದ ಅವ್ವ ಎಂದೇ ಬಂತು.

ಅಮ್ಮ ಕಣ್ಣು ತೆರೆಯದೆ, "ಅಂಗ್ಡಿ ಬುಟ್ಟು ಯಾಕ್ ಬಂದ್ಯವ್ವ" ಎಂದಳು.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ, ಅಮ್ಮನನ್ನು ಮನೆಗೆ ಬಿಟ್ಟು ನೇರವಾಗಿ ಅಂಗಡಿಯ ಮುಂದೆ ನಿಂತೆ. ನನಗೆ ಬಂದದ್ದು ಸಿಟ್ಟು ಎಂದು ಆಗ ತಿಳಿದಿದ್ದೆ. ಅದರೊಳಗೆ ಒಂದು ಗೆಲುವಿನ ಖುಷಿಯೂ ಇತ್ತು. ಕೊನೆಗೂ ಆಕೆಯ ಕೈಯಲ್ಲಿ ಒಂದು ತಪ್ಪಾಗಿತ್ತು, ಅದೂ ಬೋಲ್ಟಿನ ವಿಷಯದಲ್ಲೇ.

"ಇನ್ನು ಮೇಲೆ ನಮ್ಮಮ್ಮನನ್ನು ಇಲ್ಲಿಗೆ ಕರೀಬೇಡಿ," ಎಂದೆ.

ಬೋಲ್ಟಕ್ಕನ ಮುಖ ಸಣ್ಣಗಾಗಿತ್ತು. ತಪ್ಪಾಯಿತು ಎಂದಳು. ನೋಡಲು ಬರಲೇ ಎಂದು ಕೇಳಿದಳು, ನಾನು ಬೇಡ ಎಂದೆ. ತಿರುಗಿ ಹೊರಟಾಗ ಹಿಂದಿನಿಂದ ಅವಳ ಎಂದಿನ ದನಿ ಬಂತು. "ಕರ್ಯಾಕಿಲ್ಲ ಬುಡಿ ಮೇಡಂ. ಅವ್ವನೇ ಬಂದ್ರೆ ತಳ್ಳಾಕೂ ಇಲ್ಲ."

ಮನೆಯೊಳಗೆ ಅಮ್ಮ ನನಗಾಗಿ ಕಾಯುತ್ತಿದ್ದಳು. "ಅವ್ಳನ್ನ ಯಾಕ್ ಬೈದೆ? ಯು ಬೋಲ್ಟ್ ಬರೋಗಂಟ ಕುಂತ್ಕಬ್ಯಾಡಿ, ಹಲಗೆ ನೇತಾಕಿ ನೋಡ್ಕಂಡಿರಿ ಸಾಕು ಅಂದಿದ್ಲು. ನಾನೇ ಕೇಳ್ನಿಲ್ಲ."

"ನಿಜವಾಗ್ಲೂ ಹೇಳಿದ್ಲಾ?"

"ಊಂ ಅಂದ್ನಲ್ಲ."

ಅಮ್ಮ ನನ್ನ ಮುಖ ನೋಡಲಿಲ್ಲ. ಅದು ನಿಜವಿರಬಹುದು. ಆಕೆಯನ್ನು ಉಳಿಸಿಕೊಳ್ಳಲು ಅಮ್ಮ ಕಟ್ಟಿದ ಸುಳ್ಳೂ ಇರಬಹುದು. ನಾನು ಡೈರಿಯಲ್ಲಿ ಒಮ್ಮೆ ನಿಜ ಎಂದು ಬರೆದಿದ್ದೇನೆ, ಒಂದು ವಾರದ ಮೇಲೆ ಸುಳ್ಳು ಎಂದು ಬರೆದಿದ್ದೇನೆ. ಬಿದ್ದ ನೋವಿಗಿಂತ, ಮುರಿದ ಕೈಗಿಂತ, ತಪ್ಪು ನನ್ನದಾಗಿದ್ದರೆ ಅಮ್ಮ ನನಗಾಗಿಯೂ ಹೀಗೆ ಸುಳ್ಳು ಹೇಳುತ್ತಿದ್ದಳೇ ಎನ್ನುವುದೇ ನನ್ನನ್ನು ಹೆಚ್ಚು ಕೊರೆಯಿತು.

ಪ್ಲಾಸ್ಟರ್ ಇದ್ದಷ್ಟು ದಿನ ಅಮ್ಮ ಹೊರಗೆ ಹೋಗಲಿಲ್ಲ. ತಲೆ ಬಾಚಿದೆ, ಸೀರೆ ಉಡಿಸಿದೆ, ತುತ್ತು ಕಲಸಿ ಕೊಟ್ಟೆ. ರಜೆ ಹಾಕಿ ಪಕ್ಕದಲ್ಲೇ ಕೂತೆ. ನಾನು ಬಯಸಿದ್ದ ದಿನಗಳು ಅವೇ ಆಗಿದ್ದವು, ಅಮ್ಮ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಇರುತ್ತಿದ್ದಳು. ಎದುರಿನಿಂದ ಜೋರು ದನಿ ಕೇಳಿದರೆ ಕಿವಿ ಆ ಕಡೆಗೆ. ಬೋಲ್ಟಕ್ಕ ಮಾತಿಗೆ ತಪ್ಪಲಿಲ್ಲ, ಒಂದು ದಿನವೂ ಬರಲಿಲ್ಲ, ಕರೆಯಲೂ ಇಲ್ಲ. ಗಿರಾಕಿಗಳೊಡನೆ ಮಾತ್ರ ಮೊದಲಿಗಿಂತ ಜೋರಾಗಿ ಮಾತಾಡುತ್ತಿದ್ದಳು ಎಂದು ನನಗೆ ಅನ್ನಿಸಿದೆ. ಅನ್ನಿಸಿದ್ದಷ್ಟೇ.

ಪ್ಲಾಸ್ಟರ್ ಬಿಚ್ಚಿಸಿದ ದಿನ ಅಮ್ಮ ಆಟೋ ಇಳಿದು ಮನೆಗೆ ಬರಲಿಲ್ಲ, ರಸ್ತೆ ದಾಟಿದಳು. ಬೋಲ್ಟಕ್ಕ ಎದ್ದು ಕುರ್ಚಿಯ ಧೂಳು ಕೊಡವಿ ಹಾಕಿದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಆಟೋದವನಿಗೆ ಚಿಲ್ಲರೆ ಕೊಡುವುದರಲ್ಲಿ ಮಗ್ನಳಾದೆ.

ಮುಂದಿನ ವರ್ಷ ಹೊಗೆಸೊಪ್ಪಿನ ಕಾಲ ಶುರುವಾಗುವ ಮೊದಲೇ ಬೋಲ್ಟಕ್ಕ ಹೋದಳು. ಬೆಳಿಗ್ಗೆ ಎದೆನೋವು ಎಂದು ಮೈಸೂರಿಗೆ ಕರೆದೊಯ್ದರು, ಸಂಜೆಗೆ ದೇಹವನ್ನು ತಂದು ಅಂಗಡಿಯ ಮುಂದೆಯೇ ಕೂರಿಸಿದರು. ಹಾರನಹಳ್ಳಿಯಿಂದ, ಕಂಪಲಾಪುರದಿಂದ ರೈತರು ಬಂದಿದ್ದರು. ಮಣ್ಣು ಮೆತ್ತಿದ ಚಪ್ಪಲಿ ದೂರದಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಹಾರ ಹಾಕಿ, ಆಮೇಲೆ ಅಮ್ಮನ ಬಳಿ ಬಂದು ಕೈ ಹಿಡಿಯುತ್ತಿದ್ದರು, ಸತ್ತವಳ ತಾಯಿಯ ಕೈ ಹಿಡಿಯುವ ಹಾಗೆ. ಅಮ್ಮನೂ ಕೈ ಬಿಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಒಬ್ಬ ಹೆಂಗಸು, "ನೀವು ಇವ್ರಿಗೆ ಏನಾಗ್ಬೇಕು ಕಣಮ್ಮ?" ಎಂದು ಕೇಳಿದಳು.

ಆಕೆ ಬದುಕಿದ್ದಾಗ ಇದ್ದ ಹೊಟ್ಟೆಕಿಚ್ಚು ಆಕೆಯೊಂದಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಆದರೆ ಮನೆಯಲ್ಲಿ ಒಂದು ಬದಲಾವಣೆಯಾಯಿತು. ಅಮ್ಮ ನನ್ನೊಡನೆ ಮಾತಾಡಲು ಶುರುಮಾಡಿದ್ದಾಳೆ. ಗಂಡ ಸತ್ತ ಮೊದಲ ತಿಂಗಳು ಬೋಲ್ಟಕ್ಕ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಒಂದೊಂದೇ ಡಬ್ಬ ನೆಲಕ್ಕೆ ಸುರಿದು ಬೋಲ್ಟಿನ ಜಾತಿ ಕಲಿತದ್ದು, ಅಂಗಡಿ ತನಗೆ ಬಿಡು ಎಂದು ಬಂದ ಮೈದುನನನ್ನು ಸ್ಪ್ಯಾನರ್ ತೋರಿಸಿ ಓಡಿಸಿದ್ದು, ಇಂಥವೇ ಕತೆಗಳು. ಅವುಗಳ ನಡುವೆ, ಅಷ್ಟು ವರ್ಷ ನನಗೆ ಹೇಳದಿದ್ದ ತನ್ನ ಮಾತುಗಳೂ ನುಸುಳುತ್ತವೆ. ಅಪ್ಪ ಬ್ಯಾರನ್ನಿಗೆ ಬೆಂಕಿ ಹಾಕುವಾಗ ಹಾಡುತ್ತಿದ್ದದ್ದು, ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದ ದಿನ ಬಸ್ಸಿನಲ್ಲಿ ತಾನು ಅತ್ತದ್ದು. ಇದನ್ನೆಲ್ಲ ಅಮ್ಮ ಮೊದಲು ಹೇಳಿದ್ದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆಕೆಗೆ. ಈಗ ನನಗೆ ಸಿಗುತ್ತಿರುವುದು ಎರಡನೆಯ ಸಲ ಹೇಳಿದ್ದು. ಬಾಯಿಬಿಡಲು ಅಮ್ಮನಿಗೆ ಕಲಿಸಿದವಳು ಆಕೆ ಎಂದು ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

ನನ್ನ ವಿಷಯ ಕೇಳಿದರೆ, ಊರಿನ ವಿಷಯ ಕೇಳಿದರೆ ಅಮ್ಮ ಎರಡು ಮಾತಿಗೆ ಸುಮ್ಮನಾಗುತ್ತಾಳೆ. ಅದಕ್ಕೇ ಊಟದ ಹೊತ್ತಿಗೆ ಆಕೆಯ ಹೆಸರನ್ನು ನಾನೇ ಎತ್ತುತ್ತೇನೆ.

"ಅದಕ್ಕೆ ಬೋಲ್ಟಕ್ಕ ಏನಂದ್ಲು?" ಎನ್ನುತ್ತೇನೆ.

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿ ಕೂರುತ್ತಾಳೆ.