ಖಾಲಾ ಖಾಲಿ ಇಟ್ಟ ಮಾಳಿಗೆ

ಟಕ್, ಟಕ್, ಆಮೇಲೊಂದು ಸಣ್ಣ ಕರಕರ. ಹಾಸುಗಲ್ಲಿನ ಮಾಳಿಗೆಯ ಮೇಲೆ ಬೂಟುಕಾಲು ತಿರುಗಾಡುವ ಸದ್ದು. ಕೆಳಗೆ ಕೂತ ನಮ್ಮ ತಲೆಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಎಂಬತ್ತರ ದಶಕದ ಕೊನೆ, ಜೇವರ್ಗಿ ರಸ್ತೆಯ ಬದಿಗೊಂದು ಜನತಾ ಕಾಲೊನಿ. ಮೇಲಿದ್ದವರು ಬೆಂಗಳೂರಿನಿಂದ ಬಂದ ಎಂಜಿನಿಯರ್. ಸರ್ಕಾರ ಕಟ್ಟಿಸಿಕೊಟ್ಟ ಮನೆಗಳ ಮೇಲೆ ಸೋಲಾರ್ ದೀಪ ಕೂರಿಸಬಹುದೇ ಎಂದು ನೋಡುವುದು ಅವರ ಕೆಲಸ. ಅವರ ಇಂಗ್ಲಿಷ್ ಪ್ರಶ್ನೆಗಳನ್ನು ಇಲ್ಲಿಯ ಮಾತಿಗೆ ತಿರುಗಿಸಿ ಕೇಳುವುದು ನನ್ನದು. ಆಳಂದ, ಅಫಜಲಪುರ ಮುಗಿಸಿ ಬಂದಿದ್ದೆವು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಗ್ರಾಮರ್ ಅಂತೂ ಆ ಜೀಪಿನಲ್ಲಿ ಉಪಯೋಗಕ್ಕೆ ಬಂತು.

ಆ ಮನೆಯಾಕೆಯನ್ನು ಕಾಲೊನಿಯೆಲ್ಲ ಖಾಲಾ ಅನ್ನುತ್ತಿತ್ತು, ಚಿಕ್ಕಮ್ಮ ಅಂದ ಹಾಗೆ. ನಾನೂ ಹಾಗೇ ಕರೆದೆ.

"ಖಾಲಾ, ಮಾಳಗಿ ಮ್ಯಾಲ ನೆರಳು ಬೀಳ್ತದೇನ್ರಿ?"

"ಭಾಳ ಅದರಿ ಅಕ್ಕೋರ! ನೀವೇ ಹತ್ತಿ ನೋಡ್ರಿ."

ಆ ಸಾಲಿನ ಎಲ್ಲ ಮನೆಯಲ್ಲೂ ಅದೇ ಉತ್ತರ. ಆ ಊರಲ್ಲಿ, ಏಪ್ರಿಲ್ ತಿಂಗಳಲ್ಲಿ, ಬಾಗಿಲಿಗೆ ಬಂದವರಿಗೆ ನೆರಳಿಲ್ಲ ಅಂತ ಯಾರು ಹೇಳುತ್ತಾರೆ? ಏಣಿ ಹತ್ತಿದೆ. ಸಾಹೇಬರು ಬರುತ್ತಾರೆಂದು ಕಲ್ಲು ಒಟ್ಟಿ, ಕೋಲು ನಿಲ್ಲಿಸಿ, ಮೇಲೊಂದು ಕೌದಿ ಕಟ್ಟಿದ್ದಳು. ಅದರಡಿ ಚಾಪೆ, ತಂಬಿಗೆಯಲ್ಲಿ ನೀರು. ಎಂಜಿನಿಯರ್ ಕಂಪಾಸ್ ಹಿಡಿದು ನಿಂತಿದ್ದರು.

"ಹೆವಿಲಿ ಶೇಡೆಡ್ ಅಂತ ಬರೀಲಾ ಮೇಡಂ?" ಅಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಕೆಳಗಿಳಿದು ಖಾಲಾಗೆ ಹೇಳಿದೆ: ನಮಗೆ ನೆರಳಲ್ಲ, ಬಿಸಿಲು ಬೇಕು, ದೀಪ ಹತ್ತುವುದೇ ಬಿಸಿಲಿನಿಂದ.

ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಬಿಸಲ ಕೇಳ್ಕೋತ ಬಂದವರು ನೀವೇ ಮೊದಲ್ರಿ! ಜೀಪ್ ತುಂಬ ಒಯ್ರಿ."

"ನಮ್ಮದೂ ಒಯ್ರಿ, ತೂಕ ಮಾಡಬ್ಯಾಡ್ರಿ," ಅಂದಳು ಪಕ್ಕದ ಮನೆಯಾಕೆ, ಗೋಡೆಯಾಚೆಯಿಂದ.

ಆಮೇಲೆ ಖಾಲಾ ದನಿ ತಗ್ಗಿಸಿದಳು. ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. "ಕಲ್ಲಿನ ಸಂದ್ಯಾಗಿಂದ ಚೇಳು ಬೀಳ್ತಾವ್ರಿ. ಚಿಮಣಿ ಆರಿದ್ರ ಏನೂ ಕಾಣೂದಿಲ್ಲ. ಕೂಸು ನೆಲದ ಮ್ಯಾಲ ಮಲಗೂದು. ಅಷ್ಟರಾಗ ದೀಪ ಬರ್ತದಲ್ರಿ?"

"ಬರಬಹುದು," ಅಂದೆ.

ದೀಪ ಬರುವವರೆಗೆ ಮಾಳಿಗೆ ಖಾಲಿ ಇಡಲು ಹೇಳಿ ಅಂದರು ಎಂಜಿನಿಯರ್. ಹೇಳಿದೆ. "ಮೆಣಸಿನಕಾಯಿನೂ ಒಣಗ ಹಾಕಬಾರದೇನ್ರಿ?" ಎಂದು ಕೇಳಿದಳು. ಅದೂ ಬೇಡವಂತೆ ಅಂದೆ. ಆಗಲೇ ಹತ್ತಿ ಕೌದಿ ಬಿಚ್ಚಿದಳು.

ರಿಪೋರ್ಟಿನಲ್ಲಿ ಆ ಕಾಲೊನಿಗೆ 'ಎಕ್ಸಲೆಂಟ್ ಪೊಟೆನ್ಶಿಯಲ್' ಅಂತ ಬಂತು. ಮಾಳಿಗೆ ಯಾರದು, ಇಲಾಖೆಯದೋ ಒಳಗಿದ್ದವರದೋ ಎಂದು ಒಂದು ಆಫೀಸು ಇನ್ನೊಂದನ್ನು ಕೇಳಿತು. ಅಷ್ಟೆ, ಮುಂದೇನೂ ಆಗಲಿಲ್ಲ. ನನಗೆ ಬೇಜಾರಾಯಿತೇ? ಫ್ರಾಂಕ್ಲಿ, ನೆನಪಿಲ್ಲ. ಊಟ ಮಾಡಿದೆ, ಬೇರೆ ಸರ್ವೆಗೆ ಹೋದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಚುಚ್ಚಿದ ಮೇಲೆ ತುಟಿ ಜೋಮು ಹಿಡಿದಿರುತ್ತದಲ್ಲ, ಆ ವರ್ಷಗಳು ಹಾಗಿದ್ದವು.

ಕೆಲವು ಬೇಸಿಗೆಗಳ ನಂತರ ನಾನಿದ್ದ ಬಸ್ಸು ಅದೇ ಕಾಲೊನಿಯ ಎದುರು ಪಂಕ್ಚರ್ ಆಗಿ ನಿಂತಿತು. ಇಳಿದು ಹೋದೆ. ಖಾಲಾ ಬಾಗಿಲ ಮುಂದೆ ನೆಲದ ಮೇಲೆ ಮೆಣಸಿನಕಾಯಿ ಹರವಿ, ಕೋಲು ಹಿಡಿದು ಆಡು ಓಡಿಸುತ್ತಿದ್ದಳು. ಪಕ್ಕದಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಮೊಮ್ಮಗಳು ಕೂತಿದ್ದಳು.

"ದೀಪ ಬರೂತನ ಇದನ್ನ ಹೊರಸಿನ ಮ್ಯಾಲೇ ಮಲಗಸ್ತೇನ್ರಿ," ಅಂದಳು ಖಾಲಾ, ನನ್ನ ಗುರುತು ಹಿಡಿದು.

"ಮೆಣಸಿನಕಾಯಿ ಮ್ಯಾಲ್ಯಾಕ ಹಾಕಿಲ್ಲ?"

"ಅದು ದೀಪದ ಜಾಗ ಅಲ್ರಿ? ಖಾಲಿ ಇಡು ಅಂದಿದ್ರಿ. ಸೆಖಿಗೆ ಅಲ್ಲಿ ಮಲಗೂದೂ ಬಿಟ್ಟೇವಿ."

"ಹಾಕ್ಕೋರಿ ಖಾಲಾ. ಅದಿನ್ನ ಬರೂದಿಲ್ಲ."

ಆಕೆ ಒಮ್ಮೆ ಮಾಳಿಗೆ ನೋಡಿದಳು, ಒಮ್ಮೆ ಕೂಸಿನ ಕಡೆ.

"ಇರ್ಲಿ ಬಿಡ್ರಿ," ಅಂದಳು. "ಇಷ್ಟ ದಿನ ಇಟ್ಟೇವಿ."

ಡ್ರೈವರ್ ಹಾರ್ನ್ ಹೊಡೆದ, ಬಸ್ಸು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದಾಗ ಆಡು ಮತ್ತೆ ಬಂದಿತ್ತು. ಖಾಲಾ ಕೋಲೆತ್ತಿ ಅದರ ಹಿಂದೆ ಹೋಗುತ್ತಿದ್ದಳು.