ಮುಚ್ಚಿದ ಗೂಡಿನ ದೀಪ

ಮುಚ್ಚಿದ ಬಾಗಿಲಿನ ಹಿಂದೆ ದೀಪ ಆರಿದೆಯೋ ಇಲ್ಲವೋ ಎಂದು ನೋಡಲು ನಾನೊಮ್ಮೆ ಆ ಬಾಗಿಲಿನ ಹಿಂದೆಯೇ ಹೋಗಿ ಕುಳಿತಿದ್ದೆ. ಹಾಗೆ ಕುಳಿತವರು ಹೆಚ್ಚು ಮಂದಿ ಇರಲಾರರು. ಆದ್ದರಿಂದ ಕಂಡದ್ದನ್ನು ಕಂಡಷ್ಟೇ, ನಿಧಾನವಾಗಿ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನು ಸಂಚಾರಿ ಪಶು ಆಸ್ಪತ್ರೆಯ ಡಾಕ್ಟರು. ಆಸ್ಪತ್ರೆ ಎಂದರೆ ಒಂದು ವ್ಯಾನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತುವಾಗ ನನಗೂ ಡ್ರೈವರ್ ರಂಗಪ್ಪನಿಗೂ ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ವ್ಯಾನಿನ ಪಕ್ಕೆಯಲ್ಲಿ ಸಾಮಾನಿನ ದೊಡ್ಡ ಗೂಡು. ಬಾಗಿಲು ತೆಗೆದರೆ ಒಳಗಿನ ಬಲ್ಬು ಹತ್ತುತ್ತದೆ. ಮುಚ್ಚಿದರೆ ಚೌಕಟ್ಟಿನ ಗುಂಡಿ ಒತ್ತಿಕೊಂಡು ಆರುತ್ತದೆ. ಆರುತ್ತದೆ ಎಂಬುದು ನಮ್ಮ ನಂಬಿಕೆ.

ಆ ವರ್ಷ ಆಯುಧಪೂಜೆ ಕಳೆದದ್ದೇ ತಡ, ಬೆಳಗಾದರೆ ಬ್ಯಾಟರಿ ಸತ್ತಿರುತ್ತಿತ್ತು. ದೊಡ್ಡೇರಿಯವರು ನಗುತ್ತ ತಳ್ಳಿದರು, ಕೊರಟಗೆರೆಯವರು ಬೈಯುತ್ತ ತಳ್ಳಿದರು. ಶಿರಾದ ಬ್ಯಾಟರಿ ಅಂಗಡಿಯ ಸಾಹೇಬರು ಮಾತ್ರ, "ಬ್ಯಾಟ್ರಿ ಠೀಕ್ ಐತೆ ಸಾಬ್. ಕರೆಂಟ್ ಎಲ್ಲೋ ಯಾರೋ ಕುಡೀತಾವ್ರೆ" ಎಂದರು. ನನ್ನ ಅನುಮಾನ ಗೂಡಿನ ಮೇಲೆ ಹೋಯಿತು.

ಒಂದು ಸಂಜೆ ನಿಡುಗಲ್ಲು ಬೆಟ್ಟದ ಬುಡದಲ್ಲಿ ರಾತ್ರಿ ತಂಗಲು ನಿಂತಾಗ ಪ್ರಾಣಸಂಕಟ ಶುರುವಾಯಿತು. ಬೆಟ್ಟದ ಆಚೆ ಬದಿಯ ಕುರಿಮಂದೆಗಳು ಮರುದಿನ ಬೆಳಿಗ್ಗೆ ಗಡಿ ದಾಟಿ ಹೋಗುವವು. ಅಷ್ಟರಲ್ಲಿ ಅವಕ್ಕೆ ಲಸಿಕೆ ಹಾಕಬೇಕು. ಬೆಳಿಗ್ಗೆ ಬ್ಯಾಟರಿ ಸತ್ತರೆ ಅಲ್ಲಿ ವ್ಯಾನು ತಳ್ಳಲು ಇದ್ದದ್ದು ಏರು ದಾರಿ, ಲಸಿಕೆಯ ಡಬ್ಬಿಯಲ್ಲಿ ಮಂಜುಗಡ್ಡೆ ಕರಗುತ್ತಿತ್ತು.

ನಮ್ಮ ತರ್ಕಶಾಸ್ತ್ರಿಗಳು ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸಬಹುದು ಎನ್ನುತ್ತಾರೆ. ಬಲ್ಬಿಗೆ ಹೊಗೆಯಿಲ್ಲ. ಅನುಮಾನ ಕೈಕೊಟ್ಟಲ್ಲಿ ಪ್ರತ್ಯಕ್ಷವೇ ಗತಿ ಎಂದುಕೊಂಡು ಔಷಧಿ ಡಬ್ಬಿಗಳನ್ನು ಸರಿಸಿ ಗೂಡಿನೊಳಗೆ ಮುದುಡಿ ಕುಳಿತೆ. ರಂಗಪ್ಪ ಬಾಗಿಲು ಹಾಕಿ ಚಿಲಕ ತಿರುಗಿಸಿದ. ಬಲ್ಬು ನನ್ನ ಮೂಗಿನ ಮುಂದೆ ಉರಿಯುತ್ತಲೇ ಇತ್ತು.

ಒಳಗಿನಿಂದ ಚಿಲಕ ತೆಗೆಯಲಾಗದು ಎಂಬುದು ಹೊಳೆದದ್ದು ಆಮೇಲೆ. ಬಾಗಿಲು ತೆಗೆದ ಕೂಡಲೇ ಬಲ್ಬು ಮುಟ್ಟಿ ಬಿಸಿ ನೋಡಿದ್ದರೆ ಸಾಕಿತ್ತು ಎಂಬುದು ಇನ್ನೂ ಆಮೇಲೆ. ರಂಗಪ್ಪ ಬೀಡಿ ಹಚ್ಚಲು ಎತ್ತಲೋ ಹೋಗಿದ್ದ. "ದೀಪ ಉರೀತಾ ಇದೆ!" ಎಂದು ಕೂಗಿದೆ. ಹೊರಗೆ ಕುರಿಯೊಂದು ಉತ್ತರಿಸಿತು. ಆಮೇಲೆ ಹೆಂಗಸಿನ ದನಿ: "ಅಯ್ಯೋ ಶಿವ್ನೆ! ಗಾಡಿ ಮಾತಾಡ್ತೈತೆ ಕಣ್ಲಾ ರಂಗಪ್ಪ!" ಲಸಿಕೆಗೆಂದು ಕುರಿ ಹೊಡೆದುಕೊಂಡು ಬಂದ ಆ ಊರಿನ ಈರಮ್ಮ. ಅವಳ ಕೂಗಿಗೆ ರಂಗಪ್ಪ ಓಡಿ ಬಂದ.

"ಗಾಡಿಯಲ್ಲ ಕಣಮ್ಮ, ಒಳಗೆ ನಮ್ ಸಾರ್ ಅವ್ರೆ. ದೀಪ ಆರ್ತದಾ ಅಂತ ನೋಡ್ತಾವ್ರೆ."

"ಓದ್ದೋರು ಹಿಂಗೂ ನೋಡ್ತಾರಾ? ನಮ್ ಟಗರೂ ಹಂಗೆ ಗೂಡಿಗೆ ನುಗ್ಗಾಕಿಲ್ಲ, ಬುಡು."

ಹೊರಗೆ ಇಬ್ಬರೂ ನಗುತ್ತಿದ್ದಾಗ, ದೀಪದ ಬೆಳಕಿನಲ್ಲೇ ನಾನು ಕಳ್ಳನನ್ನು ಕಂಡೆ. ಗುಂಡಿಯ ಕುತ್ತಿಗೆಗೆ ಅರಿಶಿನದ ದಾರ, ಒತ್ತೊತ್ತಾಗಿ ಸುತ್ತಿದ್ದು. ಆಯುಧಪೂಜೆಯ ದಿನ ರಂಗಪ್ಪ ಸ್ಟೀರಿಂಗಿಗೆ, ಗೇರಿಗೆ, ಕುತ್ತಿಗೆ ಎಂಬುದು ಇದ್ದ ಪ್ರತಿಯೊಂದಕ್ಕೂ ಕಂಕಣ ಕಟ್ಟಿದ್ದ. ಬಡ ಗುಂಡಿ ಒಳಗೆ ಹೋಗುವುದಾದರೂ ಹೇಗೆ?

ಚಿಲಕ ತೆಗೆಸಿಕೊಂಡು ಹೊರಗೆ ಬಂದು ಕತ್ತರಿ ತೆಗೆದೆ. ರಂಗಪ್ಪ ಅಡ್ಡ ನಿಂತ. "ಬ್ಯಾಡ ಸಾ. ಪೂಜೆ ದಾರಕ್ಕೆ ಕತ್ರಿ ಹಾಕಿದ್ರೆ ಗಾಡಿಗೆ ಒಳ್ಳೇದಾಗಲ್ಲ. ನನ್ ಕೈಲಿ ಆಗಾಕಿಲ್ಲ." ಮಂಜುಗಡ್ಡೆ ಕರಗುತ್ತಿದೆ, ಇವನು ಶಾಸ್ತ್ರ ಹೇಳುತ್ತಿದ್ದಾನೆ! ಆದರೆ ಅವನ ಮುಖದಲ್ಲಿದ್ದದ್ದು ಹಟವಲ್ಲ, ಭಯ. ದಿನಾ ಸ್ಟೀರಿಂಗು ಹಿಡಿಯುವವನು ಅವನು.

"ಕತ್ರಿ ಯಾಕ್ಲಾ?" ಎಂದಳು ಈರಮ್ಮ. "ಮೆಲ್ಲಕೆ ಬಿಚ್ಚಿ ಆ ಸಾರ್ ಕೈಗೆ ಕಟ್ಟು. ಗಾಡಿಗಿಂತ ಅವ್ರಿಗೇ ಬೇಕಾಗೈತೆ."

ರಂಗಪ್ಪ ಉಗುರಿನಿಂದ ಗಂಟು ಬಿಡಿಸಿ, ಕಣ್ಣಿಗೊತ್ತಿಕೊಂಡು, ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟಿದ. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ವ್ಯಾನು ಗುರ್ ಎಂದಿತು. ಮಂದೆಗಳು ಹೊರಡುವ ಮುಂಚೆ ನಾವು ಆಚೆ ಬದಿಯಲ್ಲಿದ್ದೆವು. ಸೂಜಿ ಹಿಡಿದ ನನ್ನ ಕೈಯ ಹಳದಿ ದಾರ ನೋಡಿ ಕುರಿಗಾಹಿಗಳು, "ಮದ್ವೆನಾ ಸಾ?" ಎಂದು ಕೇಳಿದರು.

ಅಂದಿನಿಂದ ಯಾರಾದರೂ ನನಗೆ ಅತಿಯಾಗಿ ಗೌರವ ತೋರಿದರೆ ನಾನು ಕುತ್ತಿಗೆ ತಡವಿಕೊಳ್ಳುತ್ತೇನೆ. ಪೂಜೆಯ ದಾರ ಅಲ್ಲಿ ಬಿಗಿದರೆ ದೀಪಕ್ಕೂ ನಿದ್ದೆ ಬರುವುದಿಲ್ಲ. ಕೈಗೆ ಕಟ್ಟಿದರೆ ಸರಿ, ಕೆಲಸ ಸಾಗುತ್ತದೆ.