ಹದಿನಾಲ್ಕರಲ್ಲೊಂದು ಪಾಲಿನ ಲಾರಿ

ನನ್ನ ಗಂಡ ಲಾರಿ ಡ್ರೈವರ್. ಗಂಗಾವತಿಯ ಮಿಲ್ಲುಗಳಲ್ಲಿ ಅಕ್ಕಿ ತುಂಬಿಕೊಂಡು ಹೊರಟರೆ ಮುಂಬೈ, ಸೂರತ್, ಕೆಲವು ಸಲ ಅದರಾಚೆಗೂ ಹೋಗುತ್ತಾರೆ. ಅಲ್ಲಿ ಖಾಲಿ ಮಾಡಿದ ಮೇಲೆ ತಿರುಗಿ ಬರಲು ಲೋಡು ಸಿಗುವವರೆಗೆ ಯಾವುದೋ ಊರಿನ ಹೊರಗೆ ಕಾಯಬೇಕು. ಸಿಕ್ಕ ಲೋಡು ಗಂಗಾವತಿಗೇ ಬರುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಯಾವಾಗ ಬರುತ್ತೀರಿ ಎಂದು ಕೇಳುವುದನ್ನು ಮದುವೆಯಾದ ಮೊದಲ ವರ್ಷದಲ್ಲೇ ಬಿಟ್ಟೆ.

"ಊಟ ಆತೇನ್ರಿ?" ಎಂದು ಕೇಳುತ್ತಿದ್ದೆ.

"ಆತು. ನಿಂದು?"

"ಆತ್ರಿ."

ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತಿತ್ತು. ಆದರೂ ಫೋನ್ ಇಡುತ್ತಿರಲಿಲ್ಲ. ಆ ಕಡೆ ಹಾರ್ನ್ ಸದ್ದು, ಈ ಕಡೆ ಕುಕ್ಕರಿನ ಸೀಟಿ. ಒಬ್ಬರ ಸದ್ದನ್ನು ಒಬ್ಬರು ಕೇಳಿಸಿಕೊಳ್ಳುತ್ತ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಆಮೇಲೆ ಅವರು "ಮತ್ತ?" ಎನ್ನುತ್ತಿದ್ದರು. ನಾನು "ಏನಿಲ್ಲ" ಎನ್ನುತ್ತಿದ್ದೆ.

ಒಮ್ಮೆ ಗುಜರಾತಿನ ಕಡೆಯಿಂದ ಒಂದು ವಿಡಿಯೋ ಕಳಿಸಿದರು. ಢಾಬಾದ ಅಂಗಳದಲ್ಲಿ ಯಾರೋ ರಿಮೋಟ್ ಹಿಡಿದು ಪುಟ್ಟ ಲಾರಿಯೊಂದನ್ನು ಓಡಿಸುತ್ತಿದ್ದ. ಆಟಿಕೆಯ ಅಂಗಡಿಯದಲ್ಲ. ಮೇಲೆ ಕ್ಯಾಬಿನ್ ಇಲ್ಲ, ಮಾಲು ತುಂಬುವ ಡಬ್ಬಿ ಇಲ್ಲ, ಬರೀ ಚಾಸಿ. ಎರಡು ಉದ್ದದ ತೊಲೆ, ನಡುವೆ ಅಡ್ಡಪಟ್ಟಿ, ಕೆಳಗೆ ಭಾರಕ್ಕೆ ಬಾಗುವ ಕಮಾನ್ ಪಟ್ಟಿ, ಗಾಲಿ ಕೂರುವ ಆಕ್ಸಲ್. ಕಲ್ಲು ಹತ್ತುವಾಗ ಒಂದು ಗಾಲಿ ಮೇಲೇಳುತ್ತಿತ್ತು, ಇನ್ನೊಂದು ನೆಲ ಕಚ್ಚಿ ಹಿಡಿದಿರುತ್ತಿತ್ತು. ಹಿಂದಿನಿಂದ ನನ್ನ ಗಂಡನ ದನಿ: "ಎಲ್ಲಾ ಕೈಲೇ ಮಾಡ್ಯಾನಂತ. ನೋಡು ಹೆಂಗೈತಿ!"

ನಾನು ಅದನ್ನು ಮತ್ತೆ ಮತ್ತೆ ನೋಡಿದೆ. ಮದುವೆಗೆ ಮುಂಚೆ ನಾನು ಕೊಪ್ಪಳದಲ್ಲಿ ಟರ್ನರ್ ಕೋರ್ಸ್ ಮಾಡಿದವಳು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಆಮೇಲೆ ತಾವರಗೇರಾದಲ್ಲಿ ನನ್ನ ಅಣ್ಣನ ಲೇತ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಟ್ರ್ಯಾಕ್ಟರಿನ ಪಿನ್ನು, ಬೋರಿನ ಪಂಪಿನ ಶಾಫ್ಟು, ರಂಟೆಯ ಬೋಲ್ಟು. ಲೇತಿನಿಂದ ಬಿಸಿಬಿಸಿ ಸುರುಳಿ ಸುತ್ತಿಕೊಂಡು ಕಬ್ಬಿಣದ ಹೆರೆ ಬೀಳುವಾಗ ಬರುವ ವಾಸನೆ ನನಗೆ ಬಹಳ ಇಷ್ಟವಾಗಿತ್ತು. ಗಂಗಾವತಿಗೆ ಸೊಸೆಯಾಗಿ ಬಂದ ಮೇಲೆ ಯಾರೂ ಬೇಡ ಎನ್ನಲಿಲ್ಲ. ಹಾಗೇ ನಿಂತುಹೋಯಿತು, ಅಷ್ಟೇ.

ಆ ಸಂಜೆ ಫೋನಿನಲ್ಲಿ ಹೇಳಿದೆ: "ಅಂಥದು ನಾನೂ ಮಾಡ್ತೇನ್ರಿ. ನಿಮ್ಮ ಗಾಡೀದ ಅಳತಿ ಕೊಡ್ರಿ."

ಅವರು ನಕ್ಕರು. ನಾನು ನಗಲಿಲ್ಲವೆಂದು ಗೊತ್ತಾದ ಮೇಲೆ ಕೇಳಿದರು, "ಯಾವ ಅಳತಿ ಬೇಕು?"

ಅಲ್ಲಿಂದ ನಮ್ಮ ಫೋನು ಬದಲಾಯಿತು. ರಬ್ಬರಿನ ಪುಟ್ಟ ಟೈರುಗಳು, ಮೋಟರು, ಗಾಲಿ ಎಡಬಲ ತಿರುಗಿಸುವ ಸರ್ವೋ, ರಿಮೋಟು, ಆಕ್ಸಲಿನ ಒಳಗಿನ ಹಲ್ಲುಚಕ್ರ ಇಷ್ಟನ್ನು ಆನ್‌ಲೈನಿನಲ್ಲಿ ತರಿಸಿದೆವು. ಟೈರು ನಿಜವಾದದ್ದರ ಹದಿನಾಲ್ಕರಲ್ಲಿ ಒಂದು ಪಾಲು ಇತ್ತು. ಹಾಗಾಗಿ ಉಳಿದದ್ದೆಲ್ಲ ಅದೇ ಲೆಕ್ಕಕ್ಕೆ ಬರಬೇಕು. ಅವರು ಎಲ್ಲಿ ನಿಂತರೂ ಲಾರಿಯ ಕೆಳಗೆ ತೂರಿ ಅಳತೆ ತೆಗೆಯುತ್ತಿದ್ದರು, ಟೇಪು ಹಿಡಿದ ಕೈಯ ಫೋಟೋ ಕಳಿಸುತ್ತಿದ್ದರು. ನಾನು ಹದಿನಾಲ್ಕರಿಂದ ಭಾಗಿಸುತ್ತಿದ್ದೆ. "ತೊಲಿ ದಪ್ಪ ಎಷ್ಟೈತಿ? ಅಡ್ಡಪಟ್ಟಿಗೆ ರಿವೆಟ್ ಐತೋ, ಬೋಲ್ಟೋ?" ಎಂದು ಕೇಳಿದರೆ, ಹತ್ತು ವರ್ಷದಿಂದ ಅದೇ ಗಾಡಿ ಓಡಿಸುತ್ತಿದ್ದವರು, "ತಡಿ, ನೋಡಿ ಹೇಳ್ತೇನಿ" ಎಂದು ಮತ್ತೆ ಕೆಳಗೆ ಹೋಗುತ್ತಿದ್ದರು. ಊಟ ಆಯಿತೇ ಎಂದು ಕೇಳುವುದನ್ನು ಎಷ್ಟೋ ದಿನ ಮರೆತೇ ಬಿಟ್ಟೆವು.

ಮೊದಲ ತೊಂದರೆ ತೊಲೆಗಳದು. ಲಾರಿಯ ತೊಲೆ ಒಂದು ಮಗ್ಗುಲು ತೆರೆದ ಪೆಟ್ಟಿಗೆಯಂತಿರುತ್ತದೆ. ಅಲ್ಯೂಮಿನಿಯಂ ತಗಡು ಕತ್ತರಿಸಿ ಸಾಗುವಾನಿಯ ಅಚ್ಚಿನ ಮೇಲೆ ಬಡಿದು ಬಾಗಿಸಹೋದರೆ ಮೂಲೆಯಲ್ಲಿ ಸೀಳು ಬಿಟ್ಟಿತು. ಎರಡನೆಯದೂ ಹಾಗೇ. ಅಣ್ಣನಿಗೆ ಫೋನ್ ಮಾಡಿದೆ.

"ಮರ್ತಿಯೇನವಾ?" ಎಂದ. "ಬಟ್ಟಿ ಸಾಬೂನು ಸವರು. ಬೆಂಕಿ ಹಿಡಿ. ಸಾಬೂನು ಕರ್ರಗಾತಂದ್ರ ತಗಡು ಮೆತ್ತಗಾತಂತ, ತಗಿ. ಆಮೇಲೆ ಬಾಗ್ಸು."

ನಿಜಕ್ಕೂ ಮರೆತಿದ್ದೆ. ತಗಡಿಗೆ ಸಾಬೂನು ತಿಕ್ಕಿ ಗ್ಯಾಸಿನ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಆಚೀಚೆ ಆಡಿಸಿದೆ. ಅತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಸುಡಾಕತ್ತೀಯವಾ?"

"ಲಾರಿ ತೊಲಿ, ಅತ್ತಿ."

"ಒಂದು ಲಾರಿ ನನ್ನ ಮಗನ್ನ ಒಯ್ದು ಊರೂರು ತಿರಗತೈತಿ. ಇನ್ನೊಂದು ನನ್ನ ಒಲಿ ಮ್ಯಾಲ ಬಂತು" ಎಂದರು. ಆದರೆ ಎದ್ದು ಕಿಟಕಿ ತೆರೆದರು, ಹೊಗೆ ಹೋಗಲೆಂದು. ಸಾಬೂನು ಕಪ್ಪಾಯಿತು. ತಣಿದ ತಗಡು ಅಚ್ಚಿನ ಮೇಲೆ ಎಲೆಯಂತೆ ಬಾಗಿತು.

ಆಕ್ಸಲ್ ಮತ್ತು ಗಾಲಿಯ ಡ್ರಮ್ಮುಗಳಿಗೆ ಲೇತ್ ಬೇಕೇಬೇಕು. ವಾರಕ್ಕೊಮ್ಮೆ ತಾವರಗೇರಾದ ಬಸ್ಸು ಹತ್ತಿದೆ. ಅಣ್ಣ ಮಷೀನು ಬಿಟ್ಟುಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದ. ಮೊದಲ ದಿನ ಗಾಡಿಯ ಕೆಳಗೆ ಯಾರಿಗೂ ಕಾಣದ ಕಮಾನು ಹಿಡಿಯುವ ಚಿಕ್ಕ ಪಿನ್ನನ್ನು ಎರಡು ಸಲ ಕೆಡಿಸಿದೆ. ಮೂರನೆಯ ಸಲ ಸರಳು ತಿರುಗುತ್ತಿದ್ದಂತೆ ಕೈಗೆ ಹಳೆಯ ನೆನಪು ಬಂತು. ಉಳಿ ಎಲ್ಲಿ ಹಿಡಿಯುತ್ತದೆ, ಎಲ್ಲಿ ಕಿರುಗುಟ್ಟುತ್ತದೆ ಎಂಬುದು ಕಿವಿಗೆ ಮೊದಲು ತಿಳಿಯಿತು. ಸಂಜೆ ಬಸ್ಸಿನಲ್ಲಿ ಬೆರಳು ಮೂಸಿ ನೋಡಿಕೊಂಡೆ. ಎಣ್ಣೆಯ ವಾಸನೆ. ಏಕೋ ಅಳು ಬಂತು. ಪಕ್ಕದ ಹೆಂಗಸು ಏನಾಯಿತೆಂದು ಕೇಳಿದಳು. ಕಣ್ಣಿಗೆ ಧೂಳು ಹೋಯಿತೆಂದೆ.

ಕಮಾನ್ ಪಟ್ಟಿಗಳನ್ನು, ಮಷೀನಿನ ಪೆಟ್ಟಿಗೆಗಳಿಗೆ ಬಿಗಿದು ಬರುವ ಉಕ್ಕಿನ ಪಟ್ಟಿಯನ್ನು ಕತ್ತರಿಸಿ ಒಂದರ ಮೇಲೊಂದು ಪೇರಿಸಿ ಮಾಡಿದೆ. ಆದರೆ ಮುಂದಿನ ಕಮಾನು ತೊಲೆಗೆ ಎಲ್ಲಿ ಸೇರುತ್ತದೆ, ಎಷ್ಟು ಓರೆ ಇರುತ್ತದೆ ಎಂಬುದು ಫೋಟೋದಲ್ಲಿ ಸಿಗಲಿಲ್ಲ. "ಒಬ್ಬನ ಕೈಲೆ ಆಗಂಗಿಲ್ಲ" ಎಂದರು ಅವರು. "ಟೇಪಿನ ಆ ತುದಿ ಹಿಡಿಯಾಕ ಒಬ್ರು ಬೇಕು."

ಅದೇ ವಾರ ಅವರಿಗೆ ವಿಜಯಪುರದ ಕಡೆಯಿಂದ ಬೆಂಗಳೂರಿಗೆ ಉಳ್ಳಾಗಡ್ಡಿಯ ಲೋಡು ಸಿಕ್ಕಿತು. "ಕುಷ್ಟಗಿ ಮ್ಯಾಲೆ ಹೋಗ್ತೇನಿ. ಮನಿಗೆ ಬರಾಕ ಆಗೂದಿಲ್ಲ. ಮಾಲು ಕೆಡತೈತಿ" ಎಂದರು. ಮನೆಯಿಂದ ಅಷ್ಟು ಹತ್ತಿರ ಹಾದು ಹೋಗುವುದು ಹೊಸದೇನಲ್ಲ. ಪ್ರತಿ ಸಲ ನಾನು "ಹೂಂ" ಎಂದು ಸುಮ್ಮನಾಗುತ್ತಿದ್ದೆ. ಈ ಸಲ, "ನಾನ ಕುಷ್ಟಗಿಗೆ ಬರ್ತೇನ್ರಿ. ಟೇಪು ಹಿಡೀತೇನಿ" ಎಂದೆ.

ಬೆಳಗ್ಗೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಅದೇ ಚೀಲದಲ್ಲಿ ಟೇಪು, ಸಣ್ಣ ಅಳತೆಗೆ ವರ್ನಿಯರ್, ಹಳೆಯ ಚಾದರ. ಕುಷ್ಟಗಿಯ ಹೊರಗೆ ಹೆದ್ದಾರಿಯ ಢಾಬಾದ ಮುಂದೆ ಕಾದೆ. ಬರುವ ಪ್ರತಿ ಲಾರಿಯೂ ನಮ್ಮದೇ ಅನಿಸುತ್ತಿತ್ತು. ಕೊನೆಗೆ ನಮ್ಮದೇ ಬಂತು. ಕ್ಯಾಬಿನ್ನಿನಿಂದ ಇಳಿದವರು ಗಡ್ಡ ಬಿಟ್ಟಿದ್ದರು, ಬಿಸಿಲಿಗೆ ಒಂದು ತೋಳು ಇನ್ನೊಂದಕ್ಕಿಂತ ಕಪ್ಪಾಗಿತ್ತು. ಇಬ್ಬರಿಗೂ ನಾಚಿಕೆಯಾಯಿತು. ಏನು ಮಾತಾಡುವುದೆಂದು ತಿಳಿಯದೆ ನಾನು ಚಾದರ ಹಾಸಿ ಲಾರಿಯ ಕೆಳಗೆ ತೂರಿದೆ.

ಢಾಬಾದ ಮಂದಿ ಊಟ ಬಿಟ್ಟು ನೋಡಿದರು. "ಗಾಡಿ ಕೆಟ್ಟೈತೇನಪ?" ಎಂದು ಯಾರೋ ಕೇಳಿದ್ದಕ್ಕೆ ನನ್ನ ಗಂಡ, "ಇಲ್ರಿ, ನಮ್ಮ ಮನಿಯಾಕಿ ಅಳತಿ ತಗೊಳಾಕತ್ತಾಳ" ಎಂದರು. ಅವರ ದನಿಯಲ್ಲಿ ಸಂಕೋಚವಿರಲಿಲ್ಲ.

ಕೆಳಗೆ ಇಂಜಿನ್ನಿನ ಕಾವು, ಗ್ರೀಸು, ಮೇಲಿನಿಂದ ಇಳಿಯುವ ಉಳ್ಳಾಗಡ್ಡಿಯ ವಾಸನೆ. ಇಷ್ಟು ವರ್ಷ ಅವರನ್ನು ಹೊತ್ತು ತಿರುಗಿದ ಗಾಡಿಯ ಒಡಲನ್ನು ನಾನು ಮೊದಲ ಸಲ ಮುಟ್ಟಿದ್ದು ಅಂದು. ಅವರೂ ಪಕ್ಕದಲ್ಲಿ ಬಂದು ಮಲಗಿ ಟೇಪಿನ ಆ ತುದಿ ಹಿಡಿದರು. ಅಳತೆ ಬರೆದುಕೊಳ್ಳುವಾಗ ಬ್ರೇಕಿನ ಗಾಳಿಯ ಪೈಪಿಗೆ ಸುತ್ತಿದ ಬಟ್ಟೆಯ ಮೇಲೆ ಕಣ್ಣು ಬಿತ್ತು. ಎಣ್ಣೆಗೆ ಕಪ್ಪಾಗಿದ್ದರೂ ಅಂಚಿನ ಹಸಿರು ಗೊತ್ತಾಗುತ್ತಿತ್ತು.

"ಇದು ನನ್ನ ಸೀರಿ ಅಲ್ಲೇನ್ರಿ?"

"ಪೈಪು ಅಲಗಾಡ್ತಿತ್ತು" ಎಂದರು. "ಮನ್ಯಾಗ ಹರಿದಿದ್ದು ಬಿದ್ದಿತ್ತು, ತಂದೆ."

"ಅಂಗಡ್ಯಾಗ ಪಟ್ಟಿ ಸಿಗತಾವಲ್ರಿ."

"ಸಿಗತಾವ."

ನಾನು ಟೇಪು ಸುತ್ತಿಕೊಂಡೆ. ಇಬ್ಬರೂ ಹಾಗೇ ಮಲಗಿದ್ದೆವು. ಮೇಲೆ ತೊಲೆಗಳು, ಆಚೆ ಹೆದ್ದಾರಿಯ ಸದ್ದು. ಆಮೇಲೆ ರೊಟ್ಟಿ ತಿಂದರು. ಕೈ ತೊಳೆದು ಗಾಡಿ ಹತ್ತಿದರು. ಲಾರಿ ಹೊಸಪೇಟೆಯ ಕಡೆ ತಿರುಗಿ ಕಾಣದಾಗುವವರೆಗೆ ನಿಂತಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು, ಅಳತೆ, ಆ ಸೀರೆಯ ಚೂರು ಬಿಟ್ಟು ನಾವು ಬೇರೆ ಮಾತೇ ಆಡಿರಲಿಲ್ಲ. ಹೀಗಿದ್ದರೂ ಅಂದಿನಷ್ಟು ಹತ್ತಿರ ನಾವು ಮನೆಯಲ್ಲೂ ಇದ್ದ ನೆನಪಿಲ್ಲ.

ಚಾಸಿ ಮುಗಿದಾಗ ಭತ್ತದ ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ನನ್ನ ತೋಳಿನಷ್ಟು ಉದ್ದ, ಹತ್ತು ಗಾಲಿ. ಅರದಿಂದ ಉಜ್ಜಿದ ಗೆರೆಗಳು ತೊಲೆಯ ಮೇಲೆ ಹಾಗೇ ಕಾಣುತ್ತಿದ್ದವು. ಬಣ್ಣ ಬಳಿಯಲಿಲ್ಲ. ಅವರು ಮನೆಗೆ ಬರುವವರೆಗೆ ಓಡಿಸಲೂ ಇಲ್ಲ. ಅತ್ತೆ ಮಾತ್ರ ಎರಡು ಸಲ ಕೈಯಿಂದ ತಳ್ಳಿ ನೋಡಿದರು, ನನಗೆ ಕಾಣಿಸಲಿಲ್ಲವೆಂದುಕೊಂಡು.

ಅವರು ಬಂದರು, ಎರಡು ದಿನಕ್ಕೆ. ಮಿಲ್ಲಿನ ಪಕ್ಕದ ಭತ್ತ ಒಣಗಿಸುವ ಸಿಮೆಂಟಿನ ಕಣಕ್ಕೆ ಒಯ್ದೆವು. ಅವರು ಹೊಟ್ಟೆ ಕೆಳಗಾಗಿ ಮಲಗಿ ಗಾಲಿಯ ಸಮಕ್ಕೆ ಕಣ್ಣಿಟ್ಟು ನೋಡಿದರು. ಮೂಲೆಯಲ್ಲಿ ಬಿದ್ದಿದ್ದ ಕಲ್ಲುಗಳ ಮೇಲೆ ನಾನು ಹತ್ತಿಸಿದೆ. ಕಮಾನು ಬಾಗಿತು, ಒಂದು ಗಾಲಿ ಎದ್ದಿತು, ಚಾಸಿ ಮುಲುಗಿ ಮೇಲೇರಿತು.

"ಕೊಡಿಲ್ಲಿ, ನಾ ಹೊಡೀತೇನಿ" ಎಂದು ರಿಮೋಟು ಕಸಿದುಕೊಂಡರು.

ಮುಂದೆ ಹೋಗುವಾಗ ಸರಿಯಿತ್ತು. ತಿರುಗಿ ನಮ್ಮ ಕಡೆ ಬರುವಾಗ ಎಡ ಬಲವಾಯಿತು, ಬಲ ಎಡವಾಯಿತು. ಘಾಟಿನಲ್ಲಿ ಲಾರಿ ಇಳಿಸುವ ಮನುಷ್ಯ ಗೋಡೆಗೆ ನೇರ ಗುದ್ದಿಸಿದರು. ಮುಂದಿನ ಆಕ್ಸಲ್ ಬಾಗಿತು. ಅವರು ಗೋಡೆಯ ಬಳಿ ಹೋಗಿ ಕೂತು, ಅದನ್ನು ಎತ್ತಿಕೊಂಡು, ಬಹಳ ಹೊತ್ತು ತಿರುವಿ ತಿರುವಿ ನೋಡಿದರು.

"ಡ್ರೈವರ್ ಎಲ್ಲಿ ಕೂಡ್ಬೇಕು ಇದರಾಗ? ಕ್ಯಾಬಿನ್ ಯಾಕ ಮಾಡ್ಲಿಲ್ಲ?"

"ಡ್ರೈವರ್ ಮನ್ಯಾಗ ಇರ್ಲಿ ಅಂತ" ಎಂದೆ. ತಮಾಷೆಗೆಂದು ಹೇಳಹೋದದ್ದು, ದನಿ ತಮಾಷೆಯಾಗಿ ಬರಲಿಲ್ಲ.

ಅವರು ಅಂಗಿಯ ತುದಿಯಿಂದ ತೊಲೆ ಒರೆಸಿದರು. ಮನೆಗೆ ಹೊರಟಾಗ ಅದನ್ನು ಕೂಸಿನಂತೆ ಎತ್ತಿಕೊಂಡು ಬಂದರು.

ಮಾರನೆಯ ದಿನ ಹೊರಡುವಾಗ ಕೇಳಿದರು, "ಇದನ್ನ ಒಯ್ಯಲೇನು? ಕ್ಯಾಬಿನ್ನಿನಾಗ ಇಟ್ಕೊಂತೇನಿ. ನಮ್ಮ ಡ್ರೈವರ್ ಮಂದಿಗೆ ತೋರಸ್ತೇನಿ."

ಒಯ್ಯಿರಿ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. "ಬ್ಯಾಡ್ರಿ. ಇದಾದ್ರೂ ಇರ್ಲಿ ಇಲ್ಲೆ" ಎಂದೆ. ಅವರ ಮುಖ ಸಪ್ಪಗಾಯಿತು. ನಂತರ ತಲೆಯಾಡಿಸಿ, ಅದನ್ನು ಟಿವಿಯ ಪಕ್ಕ ಇಟ್ಟು, ಚಪ್ಪಲಿ ಮೆಟ್ಟಿಕೊಂಡರು.

ಬಾಗಿದ ಆಕ್ಸಲನ್ನು ನಾನು ಒಂದೇ ಮಧ್ಯಾಹ್ನದಲ್ಲಿ ನೇರ ಮಾಡಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಅಳತೆ ಕೇಳುವಂಥದ್ದೂ ಇಲ್ಲ. ಫೋನು ಮತ್ತೆ ಊಟ ಆಯಿತೇ ಎಂಬಲ್ಲಿಗೆ ಬಂತು. ಚಾಸಿ ಮುಗಿಯಬಾರದಿತ್ತು ಎಂದು ಎಷ್ಟು ಸಲ ಅನಿಸಿದೆಯೋ. ತೊಲೆ ಸೀಳಿದ ದಿನಗಳು, ಪಿನ್ನು ಕೆಟ್ಟ ದಿನಗಳು, ಅವರು ಯಾವುದೋ ಊರಿನ ಬಿಸಿಲಲ್ಲಿ ಗಾಡಿಯ ಕೆಳಗಿನಿಂದ "ಬರ್ಕೋ, ಹೇಳ್ತೇನಿ" ಎಂದು ಕೂಗುತ್ತಿದ್ದ ದಿನಗಳು, ಅವು ಬೇಕು ಅನಿಸುತ್ತದೆ.

ತಾವರಗೇರಾಕ್ಕೆ ಹೋಗುವುದನ್ನು ಮಾತ್ರ ನಿಲ್ಲಿಸಿಲ್ಲ. ಈಗ ವಾರಕ್ಕೆರಡು ದಿನ ಅಣ್ಣನ ಅಂಗಡಿಯಲ್ಲಿ ನಿಂತಿರುತ್ತೇನೆ. ಟ್ರ್ಯಾಕ್ಟರಿನವರು ಮೊದಮೊದಲು ಅಣ್ಣನನ್ನೇ ಹುಡುಕುತ್ತಿದ್ದರು. ಈಗ, "ಅಕ್ಕಾರ, ಇದೊಂದು ಪಿನ್ನು ನೋಡ್ರಿ" ಎನ್ನುತ್ತಾರೆ.

ಹೋದ ವಾರ ಅಂಗಡಿಯಲ್ಲಿದ್ದಾಗಲೇ ಅವರ ಫೋನು ಬಂತು. ಮಷೀನು ನಿಲ್ಲಿಸಿದೆ.

"ನಿಲ್ಲಿಸಬ್ಯಾಡ" ಎಂದರು. "ಸದ್ದು ಕೇಳಾಕ ಛಲೋ ಐತಿ."

ಮತ್ತೆ ಚಾಲೂ ಮಾಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಒಂದು ಟ್ರಿಪ್ ನನ್ನ ಜೋಡಿ ಬರ್ತೀಯೇನು?" ಎಂದರು.

"ಗಾಡಿ ಮಾಲೀಕರು ಏನಂತಾರ್ರೀ?"

"ಕೇಳ್ತೇನಿ. ನೀ ಬರ್ತೀಯೇನು, ಅದನ್ನ ಹೇಳು."

"ಬರ್ತೇನಿ" ಎಂದೆ. ಆ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಅಣ್ಣ ತಿರುಗಿ ನೋಡಿದ.

ಅತ್ತೆಗೆ ಹೇಳಿದಾಗ, "ಹೋಗಿ ಬಾ. ನನಗೇನು ಕೈಕಾಲು ಇಲ್ಲೇನು?" ಎಂದರು. ಮಾಲೀಕರು ಇನ್ನೂ ಹೂಂ ಎಂದಿಲ್ಲ. ನನ್ನ ಗಂಡ ಈಗ ಸೂರತ್ತಿನ ಹೊರಗೆ ಲೋಡಿಗಾಗಿ ಕಾಯುತ್ತಿದ್ದಾರೆ, ಅದು ಯಾವ ಊರಿನ ಕಡೆಯದೋ ಗೊತ್ತಿಲ್ಲ. ನಾನು ಕೇಳುವುದನ್ನು ಬಿಟ್ಟಿದ್ದ ಆ ಮಾತನ್ನು ಈಗ ಮತ್ತೆ ದಿನಾ ಕೇಳತೊಡಗಿದ್ದೇನೆ: ಯಾವಾಗ ಬರ್ತೀರಿ?